ಮೊಳೆ ಹೊಡೆಯದ ಗೋಡೆ

ಎಚ್.ಡಿ. ಕೋಟೆಯಲ್ಲಿ ನಾವಿದ್ದದ್ದು ಅಪ್ಪನ ಕೆಲಸಕ್ಕೆ ಸಿಕ್ಕ ಕ್ವಾರ್ಟರ್ಸಿನಲ್ಲಿ. ಹನ್ನೊಂದು ವರ್ಷ ಇದ್ದರೂ ಗೋಡೆಗೆ ಒಂದು ಮೊಳೆ ಹೊಡೆಯಲು ಅಪ್ಪ ಬಿಡಲಿಲ್ಲ. ‘ನಮ್ದಲ್ಲ ಕಣೋ, ಬಿಡೋವಾಗ ಲೆಕ್ಕ ಒಪ್ಪಿಸ್ಬೇಕು’ ಅನ್ನುತ್ತಿದ್ದರು. ಕ್ಯಾಲೆಂಡರು ಕಿಟಕಿ ಸರಳಿಗೆ ನೇತಾಡುತ್ತಿತ್ತು. ಅವ್ವ ಮಾತ್ರ ಹಿತ್ತಲಲ್ಲಿ ತೆಂಗಿನ ಸಸಿ ನೆಟ್ಟಳು. ಅದರ ಮೊದಲ ಹೊಂಬಾಳೆ ಒಡೆದ ವರ್ಷವೇ ಅಪ್ಪನಿಗೆ ನಿವೃತ್ತಿ. ಆ ಮರದ ಒಂದು ಎಳನೀರನ್ನೂ ನಾವು ಕುಡಿಯಲಿಲ್ಲ. ಕೊಟ್ಟ ಮನೆಯ ಕೊರಗು ಅಂದರೆ ಇಷ್ಟೇ ಎಂದು ಬಹಳ ದಿನ ನಂಬಿದ್ದೆ, ಕೊಡಗಿನ ತೋಟದಲ್ಲಿ ಇನ್ನೊಂದು ಕೊಟ್ಟ ಮನೆ ನೋಡುವವರೆಗೆ.

ಬೆಳಗಾಗುತ್ತಲೇ ಕೋಟೆ, ಹುಣಸೂರು, ಪಿರಿಯಾಪಟ್ಟಣದ ಬುಡಕಟ್ಟು ಹಾಡಿಗಳಿಂದ ಜೀಪುಗಳು ಆಳು ತುಂಬಿಕೊಂಡು ಕೊಡಗಿನ ಕಾಫಿ ತೋಟಗಳಿಗೆ ಹೊರಡುತ್ತವೆ. ಕೆಲವರು ಸಂಜೆ ಮರಳುತ್ತಾರೆ, ಕೆಲವರು ಅಲ್ಲೇ ಮಾಲೀಕರು ಕೊಟ್ಟ ಸಾಲುಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ, ಉಳಿದುಬಿಡುತ್ತಾರೆ. ಅಂಥದೊಂದು ಲೈನಿನಲ್ಲಿ ಜೇನುಕುರುಬರ ಅಜ್ಜಿಯೊಬ್ಬರ ಮನೆಗೆ ಹೋಗಿದ್ದೆ. ಒಂದೇ ಕೋಣೆ, ಮೂಲೆಯಲ್ಲಿ ಒಲೆ, ಹೊಗೆಗೆ ಕಪ್ಪಾದ ಶೀಟು. ಬಟ್ಟೆಬರೆಯೆಲ್ಲ ಗೊಬ್ಬರದ ಚೀಲದಲ್ಲಿ, ಬಾಯಿ ಹಗ್ಗದಿಂದ ಬಿಗಿದಿತ್ತು.

‘ಯಾಕಜ್ಜಿ ಹಿಂಗೆ ಕಟ್ಟಿಟ್ಟಿದ್ದೀರಿ?’

‘ಸಾವ್ಕಾರ್ರು ನಡೀರಿ ಅಂದ್ರೆ ಎತ್ಕೊಳಕ್ಕೆ ಸಲೀಸು.’

‘ಬಂದು ಎಷ್ಟು ವರ್ಷ ಆಯ್ತು?’

‘ಇಲ್ಲೇ ಮೊಮ್ಮಕ್ಕಳಾದ್ರು.’

ಮರಳುವ ದಾರಿಯಲ್ಲೆಲ್ಲ ಆ ಚೀಲವೇ ಕಣ್ಣಮುಂದೆ. ಅಪ್ಪನಿಗೆ ಮನೆ ಬಿಡುವ ತಾರೀಕು ಗೊತ್ತಿತ್ತು, ಬಿಟ್ಟ ಮೇಲೆ ಪಿಂಚಣಿ ಇತ್ತು. ಮೇಲಧಿಕಾರಿಯ ಜೊತೆ ಜಗಳವಾಡಿ ಬಂದ ದಿನವೂ ಅವರು ಅದೇ ಮನೆಯಲ್ಲಿ ಉಂಡು ಗೊರಕೆ ಹೊಡೆಯುತ್ತಿದ್ದರು. ಅಜ್ಜಿಯ ಮಗ ಕೂಲಿ ಹೆಚ್ಚು ಕೇಳಿದರೆ ಸೂರಿಗೇ ಸಂಚಕಾರ. ಲೈನ್ ಮನೆಗೆ ಬಾಡಿಗೆ ಇಲ್ಲ ಎನ್ನುತ್ತಾರೆ. ಇದೆ; ದಿನಾ ಬಾಯಿ ಮುಚ್ಚಿಕೊಂಡಿರುವುದೇ ಆ ಬಾಡಿಗೆ.

ಕಾನೂನು ಕಣ್ಣು ಮುಚ್ಚಿ ಕೂತಿರಲಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ, ತೋಟದಲ್ಲಿರುವ ಕಾರ್ಮಿಕರಿಗೂ ಅವರ ಕುಟುಂಬಕ್ಕೂ ಮನೆ ಕೊಡುವುದು ಮಾಲೀಕರ ಹೊಣೆ ಎಂದಿತು. ಆದರೆ 1981ರ ತಿದ್ದುಪಡಿಯ ನಂತರವೂ ಅದು ಕನಿಷ್ಠ 5 ಹೆಕ್ಟೇರ್ ಮತ್ತು 15 ಆಳು ಇರುವ ತೋಟಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಸಣ್ಣ ತೋಟದ ಲೈನು ಲೆಕ್ಕದ ಹೊರಗೆ. ಅದೇ ತಿದ್ದುಪಡಿ, ಮನೆ ಕುಸಿದು ಕಾರ್ಮಿಕ ಸತ್ತರೆ ಪರಿಹಾರವನ್ನೂ ಹೇಳಿತು. ಮನೆ ಆಳಿನ ಮೇಲೆ ಬಿದ್ದರೆ ಕೇಳುವವರುಂಟು. ಆಳೇ ಮನೆಯಿಂದ ಹೊರಬಿದ್ದರೆ? ಹೆಚ್ಚೆಂದರೆ ಖಾಲಿ ಮಾಡಲು ಒಂದಿಷ್ಟು ದಿನ.

ಲೈನಿನ ಈ ಜನರಲ್ಲಿ ಬಹಳ ಮಂದಿಯ ಹಿರಿಯರು ನಾಗರಹೊಳೆ ಕಾಡಿನವರು. ಕಾಡು ಕೈತಪ್ಪಿದ ಮೇಲೆ ಲೈನೇ ಊರಾಯಿತು. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಇಂಥ ಐನೂರಕ್ಕೂ ಹೆಚ್ಚು ಕುಟುಂಬಗಳ ಗುಡಿಸಲು ಕೆಡವಿದಾಗ, ‘ಲೈನ್ ಮನೆ ಇರುವಾಗ ಇವರಿಗೆ ಈ ಹರಕು ಪ್ಲಾಸ್ಟಿಕ್ ಗುಡಿಸಲು ಯಾಕೆ ಬೇಕಿತ್ತು?’ ಎಂದು ನಾನೂ ಕೇಳಿದ್ದೆ. ಅವರು ಪಟ್ಟು ಬಿಡಲಿಲ್ಲ. ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಸಿಕ್ಕಿತು. ನನ್ನ ಪ್ರಶ್ನೆಗೆ ಉತ್ತರ ಆ ಗೊಬ್ಬರದ ಚೀಲದಲ್ಲಿತ್ತು. ಹರಕು ಗುಡಿಸಲಾದರೂ ಅಲ್ಲಿ ಗಂಟುಮೂಟೆ ಬಿಚ್ಚಿಡಬಹುದೆಂಬ ಆಸೆ.

ನಾನು ಹುಣಸೂರಿನಲ್ಲಿ ಸಣ್ಣದೊಂದು ಮನೆ ಕಟ್ಟಿದೆ. ಗೃಹಪ್ರವೇಶದ ದಿನ ಹೋಮದ ಹೊಗೆ ಇನ್ನೂ ಆರಿರಲಿಲ್ಲ, ಅಪ್ಪ ಮೆಲ್ಲಗೆ ಹತ್ತಿರ ಬಂದು ಕೇಳಿದರು: ‘ಸುತ್ತಿಗೆ ಎಲ್ಲಿಟ್ಟಿದ್ದೀಯ?’