ವಯಸ್ಸಿಗೆ ನಾರ್ಮಲ್

‘ನಾರ್ಮಲ್ ಅಂದರೆ ಏನು ಮಹಾ? ಬಹುಪಾಲು ಜನ ಹೇಗಿದ್ದಾರೋ ಹಾಗಿರುವುದು, ಅಷ್ಟೇ. ಅದೊಂದು ಲೆಕ್ಕ. ಅದರಲ್ಲಿ ಒಳ್ಳೆಯದು ಕೆಟ್ಟದ್ದು ಹುಡುಕಲು ಹೋಗಬೇಡಿ.’ ಓದಿಕೊಂಡವರು ಈ ಮಾತನ್ನು ಬಹಳ ಠೀವಿಯಿಂದ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ‘ಅವಳು ನಾರ್ಮಲ್ ಇಲ್ಲ ಬಿಡಿ’ ಎಂದು ತೀರ್ಪು ಕೊಡುವವರೂ ಇವರೇ. ತೀರ್ಪು ಕೊಟ್ಟಿರಲ್ಲ ಎಂದರೆ ‘ಛೆ, ನಾನು ಲೆಕ್ಕ ಹೇಳಿದೆ’ ಎಂದು ಜಾರಿಕೊಳ್ಳುವವರೂ ಇವರೇ.

ಲೆಕ್ಕವೇ ಆಗಿದ್ದರೆ ಪದ ಲೆಕ್ಕದ ಹಿಂದೆ ಹೋಗಬೇಕಿತ್ತು. ಹೋಗುವುದಿಲ್ಲ. ಹೆರಿಗೆಯ ಸುದ್ದಿ ಬಂದರೆ ನಮ್ಮಲ್ಲಿ ಮಗು ಗಂಡೋ ಹೆಣ್ಣೋ ಎಂದು ಕೇಳಿದ ಬೆನ್ನಿಗೇ ಬರುವ ಪ್ರಶ್ನೆ: ‘ನಾರ್ಮಲ್ಲಾ, ಸಿಜೇರಿಯನ್ನಾ?’ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಪಕ್ಕದ ತೆಲಂಗಾಣದಲ್ಲಿ ಶೇ. 60.7ರಷ್ಟು ಹೆರಿಗೆಗಳು ಸಿಜೇರಿಯನ್. ಅಲ್ಲಿ ಬಹುಪಾಲು ಯಾವುದು ಎಂಬ ಬಗ್ಗೆ ಅನುಮಾನವೇ ಇಲ್ಲ. ಆದರೂ ಅಲ್ಲಿ ಹೊಟ್ಟೆ ಕೊಯ್ಯದ ಹೆರಿಗೆಯೇ ಇವತ್ತಿಗೂ ನಾರ್ಮಲ್. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ನೀರಿನ ಬಾಟಲಿ ಕೇಳಿ. ‘ಕೂಲಾ, ನಾರ್ಮಲ್ಲಾ?’ ಎನ್ನುತ್ತಾನೆ. ಬೇಸಿಗೆಯಲ್ಲಿ ಅವನು ಮಾರುವುದೆಲ್ಲ ಕೂಲೇ. ಮೂಲೆಯಲ್ಲಿ ದೂಳು ಹಿಡಿದು ಕೂತದ್ದು ನಾರ್ಮಲ್. ನನ್ನ ವಾದ ಇಷ್ಟು: ದಿನಬಳಕೆಯಲ್ಲಿ ಈ ಪದ ಏನನ್ನೂ ಎಣಿಸುವುದಿಲ್ಲ, ಪರವಾನಗಿ ಕೊಡುತ್ತದೆ. ‘ಇದಕ್ಕೆ ಯಾರೂ ಕೈ ಹಾಕಬೇಕಿಲ್ಲ, ತಲೆ ಕೆಡಿಸಿಕೊಳ್ಳಬೇಕಿಲ್ಲ, ಬಿಡಿ’ ಎನ್ನುವ ಪರವಾನಗಿ.

ಅರಿಸ್ಟಾಟಲನ ಹದವನ್ನೂ ಬುದ್ಧನ ಮಧ್ಯಮ ಮಾರ್ಗವನ್ನೂ ಇಲ್ಲಿಗೆ ಎಳೆದು ತರುವವರಿದ್ದಾರೆ. ಅವು ಹೇಗೆ ಬದುಕಬೇಕು ಎನ್ನುವ ಮಾತು. ನಮ್ಮ ಪದಕ್ಕೂ ಅವಕ್ಕೂ ನೆಂಟಸ್ತನ ಕಡಿಮೆ. ನಾರ್ಮಲ್ ಎಂಬುದೆಲ್ಲ ಅಧಿಕಾರದ ಹುನ್ನಾರ ಎನ್ನುವ ಪಂಥವೂ ಇದೆ. ಇರಬಹುದು, ಆದರೆ ಅಷ್ಟು ಹೇಳಿದ ಮೇಲೆ ಅವರಿಗೆ ಹೇಳಲು ಬೇರೇನೂ ಉಳಿಯುವುದಿಲ್ಲ.

ಸೆಣಸಲು ಯೋಗ್ಯರಾದವರು ಅಮೆರಿಕದ ತತ್ತ್ವಶಾಸ್ತ್ರಜ್ಞ ಕ್ರಿಸ್ಟೋಫರ್ ಬೂರ್ಸ್. 1977ರ ಲೇಖನವೊಂದರಲ್ಲಿ ಅವರು ಆರೋಗ್ಯವೆಂದರೆ ನಾರ್ಮಲ್ ಕಾರ್ಯನಿರ್ವಹಣೆ, ಅದನ್ನು ಯಾರ ಇಷ್ಟಾನಿಷ್ಟಗಳ ಹಂಗೂ ಇಲ್ಲದೆ ಹೇಳಬಹುದು ಎಂದು ವಾದಿಸಿದರು. ದೇಹದ ಪ್ರತಿ ಅಂಗಕ್ಕೂ ಒಂದು ಕೆಲಸವಿದೆ. ಜೀವಿ ಬದುಕಿ ಉಳಿಯಲು, ಸಂತಾನ ಪಡೆಯಲು ಅದು ನೆರವಾಗುತ್ತದೆ. ಅದೇ ವಯೋಮಾನದ, ಅದೇ ಲಿಂಗದವರಲ್ಲಿ ಆ ಅಂಗ ಸಾಮಾನ್ಯವಾಗಿ ಎಷ್ಟು ಕೆಲಸ ಮಾಡುತ್ತದೋ ಅಷ್ಟು ಮಾಡಿದರೆ ನಾರ್ಮಲ್, ಅದಕ್ಕಿಂತ ಇಳಿದರೆ ರೋಗ. ಇದರ ಮುಂದೆ ನನ್ನ ಸಿಜೇರಿಯನ್ ಉದಾಹರಣೆ ನಿಲ್ಲುವುದಿಲ್ಲ. ಶಸ್ತ್ರಚಿಕಿತ್ಸೆ ವೈದ್ಯರ ಕೆಲಸ, ಗರ್ಭಕೋಶದ ಕೆಲಸವಲ್ಲ; ನಾನು ಹೇಳುತ್ತಿರುವುದು ಅಂಗದ ಬಗ್ಗೆ ಎಂದು ಅವರು ಸುಲಭವಾಗಿ ಪಕ್ಕಕ್ಕೆ ಸರಿಸಬಹುದು. ಸರಿ, ಅದು ಅವರಿಗೇ ಇರಲಿ.

‘ಅದೇ ವಯೋಮಾನ’ ಎಂಬುದನ್ನು ಮಾತ್ರ ನಾನು ಬಿಡಲಾರೆ. ನಮ್ಮ ತಂದೆಗೆ ಎಪ್ಪತ್ತೆರಡಾದಾಗ ಕಿವಿ ಮಂದವಾಯಿತು. ಪ್ರೆಷರ್ ಕುಕ್ಕರಿನ ಸೀಟಿ ಕೇಳುತ್ತಿತ್ತು, ಮೊಮ್ಮಗಳ ಮಾತು ಕೇಳುತ್ತಿರಲಿಲ್ಲ. ಅವಳ ಮಾತಿಗೆಲ್ಲ ನಗುತ್ತ ತಲೆಯಾಡಿಸುತ್ತಿದ್ದರು. ಒಮ್ಮೆ ಅವಳು ಬಿದ್ದು ಮಂಡಿ ತರಚಿಕೊಂಡದ್ದನ್ನು ಹೇಳುವಾಗಲೂ ನಕ್ಕರು. ವೈದ್ಯರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ‘ಏನೂ ಇಲ್ಲ ಯಜಮಾನ್ರೇ, ವಯಸ್ಸಿಗೆ ನಾರ್ಮಲ್’ ಎಂದರು. ಎರಡು ಸಲ ಜೋರಾಗಿ ಹೇಳಬೇಕಾಯಿತು. ತಂದೆ ಕೇಳಿದರು: ‘ನನ್ನ ವಾರಿಗೆಯವರಿಗೂ ಕೇಳಿಸಲ್ಲ ಅಂದ್ರೆ, ನನಗೆ ಕೇಳಿಸಿದ ಹಾಗಾಯ್ತಾ ಡಾಕ್ಟ್ರೇ?’

ಬೂರ್ಸ್ ವಿರುದ್ಧ ನಾನು ಓದಿದ ಯಾವ ಆಕ್ಷೇಪವೂ ಇಷ್ಟು ಚೊಕ್ಕವಾಗಿಲ್ಲ. ಯಾರ ಜೊತೆ ಹೋಲಿಸಬೇಕು ಎಂಬುದನ್ನು ಅಂಕಿಗಳು ಹೇಳುವುದಿಲ್ಲ, ಅಂಕಿ ಇಟ್ಟುಕೊಂಡವರು ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರ ಶ್ರವಣ ವರದಿಯಲ್ಲಿ ಕಿವಿಗೆ ಕೇಳಿಸುವ ಅತಿ ಮೆಲ್ಲನೆಯ ಸದ್ದು 20 ಡೆಸಿಬಲ್‌ಗಿಂತ ಕಡಿಮೆ ಇದ್ದರೆ ನಾರ್ಮಲ್ ಎಂದಿದೆ. ಹಿಂದೆ ಆ ಗಡಿ 25 ಇತ್ತು. ಮುದುಕರಿಗೆಂದು ಅಲ್ಲಿ ಬೇರೆ ಗಡಿಯಿಲ್ಲ. ಅಂದರೆ ಒಂದೇ ಕಿವಿ ಒಂದು ಮೇಜಿನ ಮೇಲೆ ನಾರ್ಮಲ್, ಇನ್ನೊಂದರ ಮೇಲೆ ದೋಷ. ಮೇಜನ್ನು ಆರಿಸಿದ್ದು ಲೆಕ್ಕವಲ್ಲ. ಹಲ್ಲಿನ ಹುಳುಕಿನಂತೆ ಎಲ್ಲರನ್ನೂ ಕಾಡುವ ಕಾಯಿಲೆಗಳು ತಮ್ಮ ಸಿದ್ಧಾಂತಕ್ಕೆ ತೊಡಕು ಎಂದು ಬೂರ್ಸ್ ಅವರೇ ಒಪ್ಪಿಕೊಂಡಿದ್ದರು. ಎಲ್ಲರಿಗೂ ಇದ್ದರೆ ಅದು ರೋಗ ಹೇಗಾದೀತು?

ಇಲ್ಲಿಗೆ ಗೆದ್ದೆ ಎಂದುಕೊಳ್ಳಬಹುದಿತ್ತು. ಆದರೆ ಬೂರ್ಸ್ ಪರವಾಗಿ ಎರಡು ಮಾತು ಹೇಳದಿದ್ದರೆ ಅನ್ಯಾಯ. ಮೊದಲನೆಯದು, ರೋಗವೋ ಅಲ್ಲವೋ ಎಂಬುದು ಬೇರೆ, ಚಿಕಿತ್ಸೆ ಬೇಕೋ ಬೇಡವೋ ಎಂಬುದು ಬೇರೆ ಎಂದು ಅವರು ಒತ್ತಿ ಹೇಳಿದ್ದಾರೆ. ನಮ್ಮ ವೈದ್ಯರು ಇವೆರಡನ್ನೂ ಒಂದು ಮಾಡಿದರು. ‘ಬಿಡಿ’ ಎನ್ನುವ ಪರವಾನಗಿ ಸಿದ್ಧಾಂತದಿಂದ ಬಂದದ್ದಲ್ಲ, ಆಡುಮಾತಿನಿಂದ ಬಂದದ್ದು. ಎರಡನೆಯದು ಇನ್ನೂ ಕಠಿಣ. 1851ರಲ್ಲಿ ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್, ಗುಲಾಮರು ಒಡೆಯರಿಂದ ತಪ್ಪಿಸಿಕೊಂಡು ಓಡುವುದೇ ಒಂದು ಮನೋರೋಗ ಎಂದು ಬರೆದ. ಅದಕ್ಕೆ ‘ಡ್ರಾಪೆಟೋಮೇನಿಯಾ’ ಎಂದು ಹೆಸರಿಟ್ಟ. ಚಾಟಿಯೇಟನ್ನೂ ಮದ್ದೆಂದು ಸೂಚಿಸಿದ. ನಾರ್ಮಲ್ ಎಂಬುದು ಬರೀ ಮೌಲ್ಯದ ಮಾತಾದರೆ ನಾನು ಅವನಿಗೆ ಹೇಳಬಹುದಾದದ್ದು ‘ನಿನ್ನ ಮೌಲ್ಯ ಕೆಟ್ಟದ್ದು’ ಎಂದಷ್ಟೇ. ಬೂರ್ಸ್ ‘ಸುಳ್ಳು, ಆ ಮನುಷ್ಯರಲ್ಲಿ ಏನೂ ಕೆಟ್ಟಿಲ್ಲ’ ಎನ್ನಬಲ್ಲರು. ಮದುವೆ ಬೇಡ ಎನ್ನುವ ಹುಡುಗಿಯನ್ನು ಮನೆಯವರು ಡಾಕ್ಟರ ಬಳಿ ಕರೆದುಕೊಂಡು ಹೋದಾಗ ಬೇಕಾಗುವುದೂ ಇಂಥ ಒಣ ಉತ್ತರವೇ. ಅಲ್ಲಿ ನನ್ನ ಪರವಾನಗಿ ಸಿದ್ಧಾಂತ ಕೈ ಕೊಡುತ್ತದೆ; ಪರವಾನಗಿ ಕೊಡುವವರು ಆ ಮನೆಯವರೇ ತಾನೆ.

ಹಾಗಾದರೆ ಪರವಾನಗಿ ಕೊಡುವ ಹಕ್ಕು ಯಾರದ್ದು? ಫ್ರಾನ್ಸಿನ ಜಾರ್ಜ್ ಕಾಂಗಿಲೆಮ್ 1943ರಲ್ಲೇ ಇದಕ್ಕೆ ದಾರಿ ತೋರಿಸಿದ್ದರು: ಆರೋಗ್ಯವೆಂದರೆ ಸರಾಸರಿಗೆ ಹೊಂದಿಕೊಳ್ಳುವುದಲ್ಲ, ಬದಲಾದ ಪರಿಸ್ಥಿತಿಯಲ್ಲಿ ತನಗೆ ತಾನೇ ಹೊಸ ಕಟ್ಟಳೆ ಹಾಕಿಕೊಳ್ಳಬಲ್ಲ ಶಕ್ತಿ. ನನಗೆ ಬಹಳ ಹಿಡಿಸಿದ ಮಾತು ಇದು, ಅದು ನಮ್ಮ ಮನೆಗೇ ಬರುವ ತನಕ. ತಂದೆಗೆ ಕೊನೆಗೂ ಕಿವಿಗೆ ಮೆಷಿನ್ ಹಾಕಿಸಿದೆವು. ಟಿವಿ ಚರ್ಚೆ ಶುರುವಾದರೆ, ನೆಂಟರು ಸೇರಿದರೆ, ಅದನ್ನು ತೆಗೆದು ಕನ್ನಡಕದ ಡಬ್ಬಿಗೆ ಹಾಕಿಬಿಡುತ್ತಾರೆ. ‘ನನಗೆ ಇದೇ ನಾರ್ಮಲ್ ಕಣೋ’ ಎನ್ನುತ್ತಾರೆ. ಕಾಂಗಿಲೆಮ್ ಪ್ರಕಾರ ಅವರು ತಮ್ಮ ಕಟ್ಟಳೆಯನ್ನು ತಾವೇ ಹಾಕಿಕೊಂಡಿದ್ದಾರೆ. ನಾನೋ ಆಡಿಯೋಗ್ರಾಂ ಹಿಡಿದು, ‘ನೋಡಿ ಅಪ್ಪ, 55 ಡೆಸಿಬಲ್ ಇದೆ’ ಎಂದು ವಾದಕ್ಕೆ ನಿಲ್ಲುತ್ತೇನೆ, ನಾನೇ ಹಳಿದ ಅಂಕಿಯನ್ನು ಮುಂದಿಟ್ಟುಕೊಂಡು. ಆ ಅಂಕಿ ಅವರಿಗೆ ಎಷ್ಟು ಕೇಳುವುದಿಲ್ಲ ಎನ್ನುತ್ತದೆ. ಅವರು ಯಾಕೆ ಕೇಳಿಸಿಕೊಳ್ಳಬೇಕು ಎನ್ನುವುದಿಲ್ಲ.

ಕೊನೆಯ ಮಾತು ಅವರದೇ ಎಂದು ಬಿಟ್ಟುಕೊಡಲು ನಾನು ಸಿದ್ಧ. ಆದರೆ ಖಿನ್ನತೆಯಿಂದ ಕೋಣೆಯ ಬಾಗಿಲು ಹಾಕಿಕೊಂಡ ಗೆಳೆಯ ‘ನಾನು ನಾರ್ಮಲ್ಲಾಗೇ ಇದ್ದೀನಿ, ಹೋಗಿ’ ಎಂದರೆ ನಾನು ಹೋಗುವುದಿಲ್ಲ. ತಂದೆಯ ಮಾತನ್ನು ಒಪ್ಪಿ ಗೆಳೆಯನ ಮಾತನ್ನು ತಳ್ಳಿಹಾಕಲು ಕಾರಣ ಬೇಕು. ಬೂರ್ಸ್ ಬಳಿ ಒಂದು ಕಾರಣ ಇದೆ, ಅದು ನನಗೆ ಸಾಲದು. ನನ್ನ ಬಳಿ ಅಷ್ಟೂ ಇಲ್ಲ.