ಪದರ ಕಳಚಿದರೆ ಸಾರ ಸಿಕ್ಕೀತೆ?

ಮಾಲಿಬ್ಡಿನಂ ಡೈಸಲ್ಫೈಡ್ ಬೂದುಗಪ್ಪು ಬಣ್ಣದ, ಮುಟ್ಟಿದರೆ ಬೆರಳಿಗೆ ಜಿಡ್ಡಾಗಿ ಮೆತ್ತುವ ಖನಿಜ. ಯಂತ್ರಗಳ ಗ್ರೀಸಿಗೆ ಬೆರೆಸುತ್ತಾರೆ. ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿ ಅದರ ಪುಟ್ಟ ಹರಳೊಂದನ್ನು ಸೆಲ್ಲೋಟೇಪಿಗೆ ಅಂಟಿಸಿ, ಟೇಪನ್ನು ಮಡಚಿ ಬಿಡಿಸಿ, ಮತ್ತೆ ಮಡಚಿ ಬಿಡಿಸಿ, ಕೊನೆಗೆ ಸಿಲಿಕಾನ್ ಬಿಲ್ಲೆಯ ಮೇಲೆ ಒತ್ತಿ ತೆಗೆದಳು. "ಮೇಡಂ, ಆ ಹಳದಿ ತುಂಡು ಬೇಡ, ಅದು ದಪ್ಪ. ಪಕ್ಕದಲ್ಲಿ ಮಾಸಿದ ಹಾಗೆ ಕಾಣ್ತಿದೆಯಲ್ಲ, ಅದನ್ನ ನೋಡಿ" ಎಂದಳು. ಸೂಕ್ಷ್ಮದರ್ಶಕದಲ್ಲಿ ಇದೆಯೋ ಇಲ್ಲವೋ ಎನ್ನುವಂಥ ಛಾಯೆ. ಅದು ಒಂದೇ ಪದರ: ನಡುವೆ ಮಾಲಿಬ್ಡಿನಂ, ಮೇಲೂ ಕೆಳಗೂ ಗಂಧಕ. ದಪ್ಪ ಸುಮಾರು 0.65 ನ್ಯಾನೋಮೀಟರ್. ಇದೇ ಟೇಪಿನ ಉಪಾಯದಿಂದಲೇ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ 2004ರಲ್ಲಿ ಗ್ರಾಫೀನ್ ಬಿಡಿಸಿ ಲೋಕಕ್ಕೆ ತೋರಿಸಿದ್ದು.

ದಪ್ಪ ಹರಳಿನ ಮೇಲೆ ಹಸಿರು ಲೇಸರ್ ಬಿಟ್ಟರೆ ಅದು ಮರಳಿ ಸೂಸುವ ಬೆಳಕು ಇಲ್ಲವೆನ್ನುವಷ್ಟು ಕಡಿಮೆ. ಒಂಟಿ ಪದರವಾದರೆ ಕೆಂಪಾಗಿ ಬೆಳಗುತ್ತದೆ. 2010ರಲ್ಲಿ ಇದು ಪ್ರಕಟವಾಯಿತು. ಪದರದ ಮೇಲೆ ಪದರವಿದ್ದಾಗ ಎಲೆಕ್ಟ್ರಾನು ನೇರವಾಗಿ ಕೆಳಗಿಳಿಯಲಾರದು, ಶಕ್ತಿಯ ಜೊತೆಗೆ ಸಂವೇಗವೂ ಬದಲಾಗಬೇಕು. ಒಂಟಿಯಾದಾಗ ಆ ಅಡ್ಡಿಯಿಲ್ಲ. ನಮ್ಮ ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವರ ಕಿರೀಟಕ್ಕೆ ಹಚ್ಚುವ ಚಿನ್ನದ ರೇಕೂ ತೆಳುವೇ. ಆದರೆ ಮೈಕ್ರಾನಿನ ಹತ್ತನೇ ಒಂದರಷ್ಟು ದಪ್ಪದ ರೇಕಿನಲ್ಲೂ ಪರಮಾಣುಗಳ ಸುಮಾರು 400 ಪದರಗಳಿರುತ್ತವೆ; ಚಿನ್ನ ಚಿನ್ನವಾಗಿಯೇ ಹೊಳೆಯುತ್ತದೆ.

ನಾನಿರುವ ಸರಸ್ವತಿಪುರಂನಲ್ಲಿ ತೈತ್ತಿರೀಯ ಉಪನಿಷತ್ತಿನ ಪ್ರವಚನ ಕೇಳುವಾಗೆಲ್ಲ ಈ ಪದರ ನೆನಪಾಗುತ್ತದೆ. ಅನ್ನಮಯ, ಪ್ರಾಣಮಯ, ಮನೋಮಯ ಎಂದು ಕೋಶಗಳನ್ನು ಒಂದೊಂದಾಗಿ ಕಳಚುತ್ತ ಹೋದರೆ ಕೊನೆಗುಳಿಯುವುದೇ ಆತ್ಮ ಎಂದು ಹೇಳುತ್ತಾರೆ. ಶಂಕರರ ಭಾಷ್ಯದಲ್ಲೇ ಇದಕ್ಕೆ ಆಧಾರವಿದೆ: ಹಲವು ಹೊಟ್ಟುಗಳ ಹಾರಕವನ್ನು ಕುಟ್ಟಿ ಅಕ್ಕಿ ಮಾಡುವ ಹೋಲಿಕೆ. ಶಂಕರರ ಆತ್ಮ ಲೇಸರಿಗೆ ಸಿಗುವ ವಸ್ತುವಲ್ಲ, ಅದ್ವೈತವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲೂ ಆಗದು. ಉಪನಿಷತ್ತಿನಲ್ಲಿ ಅರೆವಾಹಕ ವಿಜ್ಞಾನ ಅಡಗಿದೆ ಎನ್ನುವುದಂತೂ ಎರಡಕ್ಕೂ ಮಾಡುವ ಅಗೌರವ. ನನ್ನ ತಕರಾರು ಆ ಹೋಲಿಕೆ ನಮಗೆ ಹಿಡಿಸುವ ಅಭ್ಯಾಸದ ಮೇಲೆ. ಹೊರಗಿನದೆಲ್ಲ ಹೊಟ್ಟು ಎಂದು ಕಲಿತವರಿಗೆ ದೇಹ ಹೊಟ್ಟು, ಅಡುಗೆಮನೆ ಹೊಟ್ಟು, ಜೊತೆಗಿರುವವರೂ ಹೊಟ್ಟು.

ವಸ್ತುವಿನ ಮಟ್ಟದಲ್ಲಿ ಈ ಎಣಿಕೆ ನಿಲ್ಲುವುದಿಲ್ಲ. ಒಂಟಿ ಪದರದ ಬೆಳಕು ಹರಳಿನೊಳಗೆ ಮೊದಲೇ ಬಚ್ಚಿಟ್ಟುಕೊಂಡಿರಲಿಲ್ಲ. ನೆರೆಯ ಪದರ ದೂರವಾದಾಗ ಹುಟ್ಟಿತು. ಕಳಚುವ ರೀತಿ ಬದಲಾದರೆ ಉಳಿಯುವುದೂ ಬದಲಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದ ಸಿ.ಎನ್.ಆರ್. ರಾವ್ ಅವರ ತಂಡ 2010ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಈ ತೆಳುಪದರಗಳನ್ನು ಹಲವು ರಾಸಾಯನಿಕ ದಾರಿಗಳಿಂದ ತಯಾರಿಸಿತು. ಪದರಗಳ ನಡುವೆ ಲಿಥಿಯಂ ತೂರಿಸಿ ನೀರಿನಲ್ಲಿ ಬಿಡಿಸುವುದು ಅವುಗಳಲ್ಲೊಂದು. ಹೀಗೆ ಲಿಥಿಯಂ ತೂರಿಸಿ ಬಿಡಿಸಿದ ಹಾಳೆ ಬಹುಮಟ್ಟಿಗೆ ಲೋಹದಂತೆ ವರ್ತಿಸುತ್ತದೆ. 300 ಡಿಗ್ರಿಯಷ್ಟು ಕಾಯಿಸಿದರೆ ಅರೆವಾಹಕ ಗುಣ ಮರಳುತ್ತದೆ. ಅದೇ ಮಾಲಿಬ್ಡಿನಂ, ಅದೇ ಗಂಧಕ. ಇವುಗಳಲ್ಲಿ ಯಾವುದು ಸಾರ, ಯಾವುದು ಹೊಟ್ಟು? ದೊಡ್ಡ ಹಾಳೆ ಬೇಕಾದರೆ ಕಳಚುವ ಗೊಡವೆಯೇ ಇಲ್ಲ. ಕುಲುಮೆಯಲ್ಲಿ ಮಾಲಿಬ್ಡಿನಂ ಆಕ್ಸೈಡನ್ನೂ ಗಂಧಕವನ್ನೂ ಆವಿಯಾಗಿಸಿ ಬಿಲ್ಲೆಯ ಮೇಲೆ ಪದರವನ್ನು ಬೆಳೆಸುತ್ತಾರೆ. ಪುಟ್ಟ ಪುಟ್ಟ ತ್ರಿಕೋನಗಳು ಮೂಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಉಪನಿಷತ್ತಿನ ಮೂಲವನ್ನು ಓದಿದರೆ ಅಲ್ಲಿ ಒಳಗಿನದು ಹೊರಗಿನದನ್ನು ತುಂಬಿಕೊಂಡಿದೆ ಎನ್ನುವ ಮಾತಿದೆ, ಎಸೆಯಬೇಕೆಂಬ ಮಾತಿಲ್ಲ. ಭೃಗು ತಪಸ್ಸು ಮಾಡಿ ಅನ್ನವೇ ಬ್ರಹ್ಮವೆಂದು ತಿಳಿಯುತ್ತಾನೆ, ಮತ್ತೆ ಮತ್ತೆ ತಪಸ್ಸು ಮಾಡಿ ಪ್ರಾಣ, ಮನಸ್ಸು, ವಿಜ್ಞಾನ ದಾಟಿ ಆನಂದಕ್ಕೆ ಮುಟ್ಟುತ್ತಾನೆ. ಅದು ಭೃಗುವಲ್ಲಿಯ ಆರನೇ ಅನುವಾಕ. ನಾನು ಕೇಳಿದ ಪ್ರವಚನಗಳು ಹೆಚ್ಚಾಗಿ ಅಲ್ಲಿಗೇ ಮಂಗಳ ಹಾಡುತ್ತವೆ. ಆದರೆ ಉಪನಿಷತ್ತು ಅಲ್ಲಿಂದ ನೇರ ಅನ್ನಕ್ಕೇ ಮರಳುತ್ತದೆ: ಅನ್ನವನ್ನು ಹಳಿಯಬಾರದು, ಬಿಸುಡಬಾರದು, ಹೆಚ್ಚಿಸಬೇಕು, ಮನೆಗೆ ಬಂದವರನ್ನು ಹಿಂದಕ್ಕೆ ಕಳಿಸಬಾರದು ಎನ್ನುತ್ತದೆ. ಆನಂದವನ್ನು ಕಂಡವನಿಗೂ ಅನ್ನ ಹೊಟ್ಟಾಗಲಿಲ್ಲ.

ಪ್ರವಚನ ಮಾಡುವವರಲ್ಲಿ ನನ್ನದೊಂದು ವಿನಂತಿ. ಆರನೇ ಅನುವಾಕಕ್ಕೆ ಪುಸ್ತಕ ಮುಚ್ಚಬೇಡಿ. ಏಳರಿಂದ ಹತ್ತರವರೆಗೂ ಓದಿ, ಅವಕ್ಕೂ ಅಷ್ಟೇ ಹೊತ್ತು ಕೊಟ್ಟು ಅರ್ಥ ಹೇಳಿ.