ಬೇರೆ ದಾರಿಯಿಲ್ಲದವನ ಒಪ್ಪಿಗೆ

‘ಬಲವಂತವೇನೂ ಇಲ್ಲ, ಇಷ್ಟವಿದ್ದರೆ ಒಪ್ಪಿಕೊಳ್ಳಿ’ ಎಂಬ ಮಾತನ್ನು ಕೇಳದವರು ನಮ್ಮಲ್ಲಿ ಕಡಿಮೆ. ಬಾಡಿಗೆ ಮನೆ ಹುಡುಕುವಾಗ ಕೇಳಿದ್ದೇವೆ, ಸಾಲಕ್ಕೆ ಹೋದಾಗ ಕೇಳಿದ್ದೇವೆ, ಹೆಣ್ಣಿನ ಕಡೆಯವರಾಗಿ ಮದುವೆಯ ಮಾತುಕತೆಗೆ ಕುಳಿತಾಗಲೂ ಕೇಳಿದ್ದೇವೆ. ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೆ ಎದುರಿಗೆ ಕುಳಿತವನಿಗೆ ಬೇರೆ ದಾರಿಯಿಲ್ಲವೆಂಬುದು ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಹಾಗಿದ್ದಮೇಲೆ ಅವನು ತಲೆಯಾಡಿಸಿದ್ದನ್ನು ಒಪ್ಪಿಗೆ ಎನ್ನಬಹುದೇ? ಒಪ್ಪಿಗೆಯಲ್ಲವೆಂದರೆ, ಬಡವರು ಈವರೆಗೆ ಮಾಡಿಕೊಂಡ ಕರಾರುಗಳೆಲ್ಲ ಸುಳ್ಳೆಂದಾಗುತ್ತದೆ. ಒಪ್ಪಿಗೆಯೇ ಎಂದರೆ, ಬಲವಿದ್ದವನಿಗೆ ಕೇಳುವವರೇ ಇಲ್ಲವೆಂದಾಗುತ್ತದೆ.

ವ್ಯಕ್ತಿಗಳ ಮಟ್ಟದಲ್ಲಿ ಈ ಪ್ರಶ್ನೆಯನ್ನು ಬಿಡಿಸಹೊರಟರೆ ನಮ್ಮ ನಮ್ಮ ಸಿಟ್ಟು ಸಂಕಟಗಳು ಅಡ್ಡಬರುತ್ತವೆ. ಆದ್ದರಿಂದ ನಮಗೆ ದೂರದ ಒಂದು ದೇಶವನ್ನೇ ಉದಾಹರಣೆಯಾಗಿಟ್ಟುಕೊಂಡು ನೋಡೋಣ. ಅದು ಆಫ್ರಿಕಾ ಖಂಡದ ದಕ್ಷಿಣದಲ್ಲಿರುವ ಲೆಸೊಥೊ. ಅಲ್ಲಿಯವರು ಇದನ್ನು ‘ಲೆಸೂಟು’ ಎಂದು ಉಚ್ಚರಿಸುತ್ತಾರೆ.

ಭೂಪಟದಲ್ಲಿ ಈ ದೇಶದ ಸ್ಥಿತಿ ವಿಚಿತ್ರವಾದುದು. ನಾಲ್ಕು ದಿಕ್ಕಿನಲ್ಲಿಯೂ ಇದನ್ನು ಸುತ್ತುವರಿದಿರುವುದು ಒಂದೇ ದೇಶ, ದಕ್ಷಿಣ ಆಫ್ರಿಕಾ. ನೇಪಾಳಕ್ಕಾದರೂ ಎರಡು ನೆರೆಗಳಿವೆ; ಇದಕ್ಕೆ ಯಾವ ಗಡಿ ದಾಟಿದರೂ ಸಿಕ್ಕುವುದು ಅದೇ ಮನೆಯ ಅಂಗಳ. ವಿಸ್ತೀರ್ಣ 30,355 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಆರನೆಯ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ. ಜನಸಂಖ್ಯೆ ಇಪ್ಪತ್ತು ಲಕ್ಷಕ್ಕೆ ಮೇಲ್ಪಟ್ಟು. ದೇಶದ ಅತ್ಯಂತ ತಗ್ಗಿನ ಜಾಗವೇ ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಮೇಲಿದೆ. ನಮ್ಮ ನಂದಿಬೆಟ್ಟದ ನೆತ್ತಿ ಎಷ್ಟು ಎತ್ತರವೋ ಅಲ್ಲಿಯ ತಗ್ಗು ಹೆಚ್ಚುಕಡಿಮೆ ಅಷ್ಟು ಎತ್ತರ. ಅತ್ಯಂತ ಎತ್ತರದ ಥಬಾನಾ ಎನ್ಟ್ಲೆನ್ಯಾನಾ ಶಿಖರ 3,482 ಮೀಟರ್. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಗಂಡಸರು ಹೆಂಗಸರೆನ್ನದೆ ದಪ್ಪ ಉಣ್ಣೆಯ ಕಂಬಳಿ ಹೊದ್ದು, ಕುದುರೆಯ ಮೇಲೆ ಕಣಿವೆಗಳನ್ನು ದಾಟುತ್ತಾರೆ. ಉಳಲು ಬರುವ ನೆಲ ಹತ್ತರಲ್ಲೊಂದು ಪಾಲಿನಷ್ಟು. ಉಳಿದದ್ದು ಕಲ್ಲು, ಹುಲ್ಲು, ಕುರಿ, ಆಡು.

ಇಷ್ಟು ಕಡಿಮೆ ನೆಲ ಉಳಿದದ್ದು ಪ್ರಕೃತಿಯ ಕೈಯಿಂದ ಮಾತ್ರವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಚದುರಿಹೋಗಿದ್ದ ಪಂಗಡಗಳನ್ನು ಮೊಶ್ವೆಶ್ವೆ ಎಂಬ ದೊರೆ ಥಾಬಾ ಬೊಸಿಯು ಎಂಬ ಬೆಟ್ಟದ ಸುತ್ತ ಒಂದುಗೂಡಿಸಿ ಬಸೂಟು ಜನಾಂಗವನ್ನು ಕಟ್ಟಿದನು. ಪಶ್ಚಿಮದಿಂದ ಬಂದ ಬೋಯರ್ ವಲಸೆಗಾರರೊಡನೆ ಯುದ್ಧಗಳಾದವು. ತನ್ನ ಜನ ಅಳಿದುಹೋಗುವರೆಂಬ ಭಯ ಹುಟ್ಟಿದಾಗ ಆತನೇ ಬ್ರಿಟಿಷರ ರಕ್ಷಣೆಯನ್ನು ಬೇಡಿದನು. 1868ರಲ್ಲಿ ಅದು ದೊರೆಯಿತು. ಮರುವರ್ಷ ಗಡಿ ಗೊತ್ತುಮಾಡುವಾಗ ಕ್ಯಾಲೆಡಾನ್ ನದಿಯಾಚೆಗಿನ ಫಲವತ್ತಾದ ಬಯಲು ಬೋಯರರ ಪಾಲಾಯಿತು. ಬಸೂಟುಗಳಿಗೆ ಬೆಟ್ಟ ಉಳಿಯಿತು, ಹೆಸರು ಉಳಿಯಿತು. 1966ರ ಅಕ್ಟೋಬರ್ 4ರಂದು ದೇಶ ಸ್ವತಂತ್ರವಾಯಿತು.

ನೆಲವಿಲ್ಲದ ಮೇಲೆ ಮನುಷ್ಯರು ಹೊರಗೆ ಹೋಗಲೇಬೇಕು. ಜೊಹಾನೆಸ್‌ಬರ್ಗಿನ ಚಿನ್ನದ ಗಣಿಗಳಿಗೆ ಲೆಸೊಥೊದ ಗಂಡಸರು ಗುಂಪು ಗುಂಪಾಗಿ ಹೋದರು. 1990ರ ಸುಮಾರಿಗೆ ಹೀಗೆ ದುಡಿಯುತ್ತಿದ್ದವರ ಸಂಖ್ಯೆ ಒಂದು ಲಕ್ಷವನ್ನು ಮೀರಿತ್ತು. ಊರಿನಲ್ಲಿ ಉಳಿದ ಹೆಂಗಸರು ಹೊಲ, ದನ, ಮಕ್ಕಳು ಎಲ್ಲವನ್ನೂ ನೋಡಿಕೊಂಡರು. ಗಣಿಯ ಕಲ್ಲಿನ ದೂಳು ಶ್ವಾಸಕೋಶಕ್ಕೆ ಸೇರಿ ಕಾಯಿಲೆಯಾಗಿ ಮರಳಿದವರು ಎಷ್ಟೋ ಮಂದಿ. ಅವರಿಗೆ ಪರಿಹಾರ ಕೊಡುವ ಒಪ್ಪಂದವನ್ನು ದಕ್ಷಿಣ ಆಫ್ರಿಕಾದ ನ್ಯಾಯಾಲಯ ಮಂಜೂರು ಮಾಡಿದ್ದು 2019ರಲ್ಲಿ. ದೇಶದ ನಾಣ್ಯವಾದ ಲೋಟಿಯ ಬೆಲೆಯನ್ನು ದಕ್ಷಿಣ ಆಫ್ರಿಕಾದ ರ‍್ಯಾಂಡಿಗೆ ಸರಿಸಮವಾಗಿ ಕಟ್ಟಿಹಾಕಲಾಗಿದೆ. ಸರ್ಕಾರದ ಆದಾಯದ ದೊಡ್ಡ ಭಾಗ ನೆರೆರಾಷ್ಟ್ರಗಳೊಡನೆ ಕೂಡಿ ವಸೂಲು ಮಾಡುವ ಸುಂಕದ ಪಾಲಿನಿಂದ ಬರುತ್ತದೆ. ಇತ್ತೀಚಿನ ದಶಕಗಳಲ್ಲಿ ಗಣಿಯ ಕೆಲಸ ಕಡಿಮೆಯಾಗಿ, ಅಮೆರಿಕಕ್ಕೆ ಬಟ್ಟೆ ಹೊಲಿಯುವ ಕಾರ್ಖಾನೆಗಳು ಬಂದವು. 2025ರ ಏಪ್ರಿಲ್‌ನಲ್ಲಿ ಅಮೆರಿಕ ಈ ಪುಟ್ಟ ದೇಶದ ಸರಕಿನ ಮೇಲೆ ಶೇಕಡಾ 50ರ ಸುಂಕವನ್ನು ಘೋಷಿಸಿತು. ಆಗಸ್ಟ್‌ನಲ್ಲಿ ಅದು 15ಕ್ಕೆ ಇಳಿಯಿತು. ಏರಿಸಿದ್ದೂ ಇಳಿಸಿದ್ದೂ ಪರರೇ.

ಈಗ ನಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಲೆಸೊಥೊದ ಬಳಿ ಹೇರಳವಾಗಿರುವ ಒಂದು ವಸ್ತು ನೀರು. ದಕ್ಷಿಣ ಆಫ್ರಿಕಾದ ಗಣಿ, ಕಾರ್ಖಾನೆ, ಮಹಾನಗರಗಳಿರುವ ಪ್ರದೇಶಕ್ಕೆ ಬೇಕಾದದ್ದೂ ನೀರೇ. ಬೆಟ್ಟದ ನೀರನ್ನು ತಡೆದು ಸುರಂಗದ ಮೂಲಕ ಉತ್ತರಕ್ಕೆ ಹರಿಸುವ ಮಾತುಕತೆ ಹಲವು ವರ್ಷ ನಡೆದಿತ್ತು, ಮುಗಿದಿರಲಿಲ್ಲ. ಆಗ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಆಡಳಿತ. ಅದನ್ನು ವಿರೋಧಿಸಿ ಓಡಿಬಂದವರಿಗೆ ಲೆಸೊಥೊ ಆಶ್ರಯ ಕೊಟ್ಟಿತ್ತು. 1982ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಸೈನಿಕರು ರಾಜಧಾನಿ ಮಸೇರುವಿಗೆ ನುಗ್ಗಿ 42 ಜನರನ್ನು ಕೊಂದರು. 1986ರ ಜನವರಿಯ ಆರಂಭದಲ್ಲಿ ಗಡಿಯನ್ನು ಬಿಗಿದರು. ಆಹಾರ, ಎಣ್ಣೆ ಎಲ್ಲವೂ ಆ ಗಡಿಯಿಂದಲೇ ಬರಬೇಕಾದ ದೇಶ ಎಷ್ಟು ದಿನ ತಡೆದೀತು? ಜನವರಿ 20ರಂದು ಅಲ್ಲಿಯ ಸೈನ್ಯ ಪ್ರಧಾನಿಯನ್ನು ಇಳಿಸಿತು. ಕೆಲವೇ ದಿನಗಳಲ್ಲಿ ಗಡಿ ತೆರೆಯಿತು. ಅದೇ ವರ್ಷ ಅಕ್ಟೋಬರ್ 24ರಂದು ನೀರಿನ ಒಪ್ಪಂದಕ್ಕೆ ಸಹಿಯಾಯಿತು.

ಈ ತಾರೀಖುಗಳನ್ನು ಒಂದರ ಕೆಳಗೊಂದು ಬರೆದು ನೋಡಿದವರು ‘ಇದು ಒಪ್ಪಿಗೆಯಲ್ಲ, ಕುತ್ತಿಗೆ ಹಿಡಿದು ಹಾಕಿಸಿಕೊಂಡ ರುಜು’ ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ‘ಬಡವನ ಕೋಪ ದವಡೆಗೆ ಮೂಲ’ ಎಂಬ ನಮ್ಮ ಗಾದೆ ಈ ದೇಶಕ್ಕೆ ಸರಿಯಾಗಿ ಹೊಂದುತ್ತದೆ.

ಆದರೆ ಇನ್ನೊಂದು ಪಕ್ಷವನ್ನೂ ಕೇಳಬೇಕು. ಒಪ್ಪಂದದಿಂದ ಲೆಸೊಥೊಗೆ ಏನು ಬಂದಿತು? 185 ಮೀಟರ್ ಎತ್ತರದ ಕಟ್ಸೆ ಅಣೆಕಟ್ಟು, ಬಳಿಕ ಮೊಹಾಲೆ ಅಣೆಕಟ್ಟು, ಬೆಟ್ಟಗಳಿಗೆ ರಸ್ತೆ, ದೇಶದ ಸ್ವಂತ ಬಳಕೆಗೆ 72 ಮೆಗಾವಾಟ್‌ನ ವಿದ್ಯುದಾಗಾರ, 1998ರಿಂದ ಹರಿಯುತ್ತಿರುವ ನೀರಿಗೆ ತಪ್ಪದೆ ಬರುವ ರಾಜಧನ. ಇದನ್ನು ಬೇಡವೆಂದಿದ್ದರೆ ಆ ನೀರು ಸೆಂಕು ನದಿಯಾಗಿ, ಗಡಿ ದಾಟಿ ಆರೆಂಜ್ ನದಿಯೆನಿಸಿಕೊಂಡು, ಬಿಡಿಗಾಸೂ ಕೊಡದೆ ದಕ್ಷಿಣ ಆಫ್ರಿಕಾಕ್ಕೇ ಹರಿದುಹೋಗುತ್ತಿತ್ತು. ಬೇರೆ ದಾರಿಯಿಲ್ಲದವನ ಒಪ್ಪಿಗೆ ಲೆಕ್ಕಕ್ಕಿಲ್ಲವೆಂದು ತೀರ್ಮಾನಿಸಿದರೆ, ಅಂಥವನೊಡನೆ ಯಾರೂ ವ್ಯವಹಾರಕ್ಕೇ ಬರುವುದಿಲ್ಲ. ಆಗ ಅವನಿಗಿದ್ದ ಒಂದು ದಾರಿಯೂ ಮುಚ್ಚಿಹೋಗುತ್ತದೆ.

ಪ್ರಾಚೀನರಿಗೂ ಈ ತೊಡಕು ತಿಳಿದಿತ್ತು. ಬಿರುಗಾಳಿಗೆ ಸಿಕ್ಕ ನಾವಿಕ ಪ್ರಾಣ ಉಳಿಸಿಕೊಳ್ಳಲು ಸರಕನ್ನು ಕಡಲಿಗೆ ಎಸೆಯುತ್ತಾನೆ; ಅದು ಸ್ವಇಚ್ಛೆಯೇ ಎಂದು ಅರಿಸ್ಟಾಟಲ್ ಕೇಳಿದನು. ಅಂಥ ಕೆಲಸ ಎರಡೂ ಬೆರೆತದ್ದು, ಆದರೆ ಆ ಗಳಿಗೆಯ ಮಟ್ಟಿಗೆ ಸ್ವಇಚ್ಛೆಗೇ ಹತ್ತಿರ ಎಂಬುದು ಅವನ ಉತ್ತರ. ಆದರೆ ಬಿರುಗಾಳಿಯನ್ನು ಯಾರೂ ಎಬ್ಬಿಸುವುದಿಲ್ಲ. ಸರಕನ್ನು ಹೊಂಚುಹಾಕಿದವನೇ ಬಿರುಗಾಳಿಯನ್ನೂ ಎಬ್ಬಿಸಿದ್ದರೆ ಏನೆನ್ನಬೇಕು? ನಮ್ಮ 1872ರ ಕರಾರು ಕಾಯಿದೆ ಇದಕ್ಕೆ ಒಂದು ಹಾದಿ ತೋರಿಸುತ್ತದೆ. ಬೆಲೆ ಕಡಿಮೆಯಾಯಿತೆಂಬ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವುದಿಲ್ಲ. ಆದರೆ ಒಬ್ಬನು ಇನ್ನೊಬ್ಬನ ಇಚ್ಛೆಯನ್ನು ಆಳುವ ಸ್ಥಾನದಲ್ಲಿದ್ದು, ಕರಾರು ಮೇಲ್ನೋಟಕ್ಕೇ ಅನ್ಯಾಯವೆಂದು ಕಂಡರೆ, ತಾನು ಒತ್ತಡ ಹೇರಲಿಲ್ಲವೆಂದು ಸಾಧಿಸಿ ತೋರಿಸುವ ಭಾರ ಬಲವಿದ್ದವನ ಮೇಲೆ ಬೀಳುತ್ತದೆ. ರಾಷ್ಟ್ರಗಳ ನಡುವಿನ ಕಾನೂನು ಇಷ್ಟು ದೂರ ಬಂದಿಲ್ಲ. 1969ರ ವಿಯೆನ್ನಾ ಒಡಂಬಡಿಕೆಯ ಪ್ರಕಾರ ಸೈನ್ಯಬಲದ ಬೆದರಿಕೆಯಿಂದ ಪಡೆದ ಒಪ್ಪಂದ ಅಸಿಂಧು. ಅಕ್ಕಿ ಎಣ್ಣೆ ತಡೆದು ಪಡೆದದ್ದರ ಬಗ್ಗೆ ಆ ವಿಧಿಯಲ್ಲಿ ಮಾತಿಲ್ಲ.

ಸರ್ಕಾರಿ ಕಚೇರಿಯಲ್ಲಿ ಕಡತ ನೋಡುವ ನಮ್ಮಂಥವರಿಗೆ ಇನ್ನೊಂದು ಹೋಲಿಕೆ ನೆನಪಾಗುತ್ತದೆ. ಖರೀದಿಗೆ ಒಂದೇ ಟೆಂಡರು ಬಂದಿತೆನ್ನಿ. ಅದನ್ನು ಒಪ್ಪಲೇಬಾರದೆಂದೇನಿಲ್ಲ. ಆದರೆ ಈ ದರ ಸಮಂಜಸವೇ, ಯಾವ ಅಳತೆಗೋಲಿನಿಂದ ಸಮಂಜಸ ಎಂಬುದನ್ನು ಕಡತದಲ್ಲಿ ಬರೆಯಬೇಕು. ‘ಬೇರೆ ಯಾರೂ ಬರಲಿಲ್ಲ’ ಎಂಬುದು ದರಕ್ಕೆ ಸಮರ್ಥನೆಯಾಗುವುದಿಲ್ಲ. ಬೇರೆ ದಾರಿಯಿಲ್ಲದವನ ಒಪ್ಪಿಗೆಗೂ ಇದೇ ನ್ಯಾಯ ಸಲ್ಲಬೇಕೆಂದು ನಮಗೆ ತೋರುತ್ತದೆ. ಮೂರು ವಿಷಯಗಳನ್ನು ಕೇಳಬೇಕು. ದಾರಿ ಮುಚ್ಚಿದ್ದು ಪ್ರಕೃತಿಯೋ ಲಾಭ ಪಡೆದವನೋ? ಬೆಲೆ ಗೊತ್ತಾದದ್ದು ಮಾರುವವನ ಹಸಿವಿನಿಂದಲೋ ಬೇರೊಂದು ಅಳತೆಯಿಂದಲೋ? ಕೈಕಟ್ಟು ಬಿಚ್ಚಿದ ಮೇಲೂ ಅವನು ಅದನ್ನೇ ಒಪ್ಪುತ್ತಾನೆಯೇ?

ಲೆಸೊಥೊದ ವಿಷಯದಲ್ಲಿ ಮೊದಲ ಪ್ರಶ್ನೆಗೆ ಉತ್ತರ ಕಹಿಯಾದುದು. ಬೆಟ್ಟವನ್ನು ಪ್ರಕೃತಿ ಕೊಟ್ಟಿತು. ಜನವರಿಯ ದಿಗ್ಬಂಧನವನ್ನು ಕೊಟ್ಟದ್ದು ನೆರೆಯವನು. ಎರಡನೆಯದಕ್ಕೆ ಉತ್ತರ ಅಷ್ಟು ಕಹಿಯಲ್ಲ. ಇದೇ ನೀರನ್ನು ದಕ್ಷಿಣ ಆಫ್ರಿಕಾ ತನ್ನ ನೆಲದಲ್ಲಿ, ಕೆಳಗಡೆ ನದಿಯಿಂದ ಎತ್ತಿ ಸಾಗಿಸಿದ್ದರೆ ಎಷ್ಟು ಖರ್ಚಾಗುತ್ತಿತ್ತೆಂದು ಲೆಕ್ಕಹಾಕಿ, ಬೆಟ್ಟದ ಯೋಜನೆಯಿಂದಾದ ಉಳಿತಾಯದಲ್ಲಿ ಶೇಕಡಾ 56 ಲೆಸೊಥೊಗೆ, 44 ದಕ್ಷಿಣ ಆಫ್ರಿಕಾಕ್ಕೆ ಎಂದು ಗೊತ್ತುಮಾಡಲಾಯಿತು. ಹಸಿವನ್ನು ನೋಡಿ ಕಟ್ಟಿದ ಬೆಲೆಯಲ್ಲ ಇದು. ಮೂರನೆಯದಕ್ಕೆ ಉತ್ತರ ಕಾಲವೇ ಕೊಟ್ಟಿತು. 1994ರಲ್ಲಿ ವರ್ಣಭೇದದ ಆಡಳಿತ ಕೊನೆಗೊಂಡಿತು. ಲೆಸೊಥೊದಲ್ಲಿಯೂ ಚುನಾಯಿತ ಸರ್ಕಾರ ಬಂದಿತು. 1998ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಸೈನ್ಯ ಮತ್ತೆ ಒಳಬಂದದ್ದೂ, ಕಟ್ಸೆಯ ಕಾವಲಿಗಿದ್ದ ಸೈನಿಕರು ಸತ್ತದ್ದೂ ಉಂಟು. ಆದರೂ 2011ರಲ್ಲಿ ಎರಡು ಚುನಾಯಿತ ಸರ್ಕಾರಗಳು ಯೋಜನೆಯ ಎರಡನೆಯ ಹಂತಕ್ಕೆ ಹೊಸದಾಗಿ ಸಹಿ ಹಾಕಿದವು. ರುಜು ಪಡೆದ ರೀತಿ ಕೆಟ್ಟದ್ದು. ಒಪ್ಪಂದ ಮಾತ್ರ ತಿರಸ್ಕರಿಸುವಂಥದಲ್ಲ. ಇವೆರಡನ್ನೂ ಒಟ್ಟಿಗೆ ಹೇಳಲು ನಾವು ಅಂಜಬೇಕಾಗಿಲ್ಲ.

ಇಲ್ಲಿಗೆ ಮುಗಿಸಿದರೆ ವಿಚಾರ ಅರ್ಧಕ್ಕೇ ನಿಲ್ಲುತ್ತದೆ. ಒಳಗಿನ ಜನರ ಒಪ್ಪಿಗೆಯನ್ನು ಯಾರು ಕೇಳಿದರು? ನೀರು ನಿಂತ ಕಣಿವೆಗಳಲ್ಲಿದ್ದ ಹೊಲಗಳೇ ಬೆಟ್ಟದ ಜನರ ಒಳ್ಳೆಯ ಹೊಲಗಳು. ಅದಕ್ಕೆ ಪ್ರತಿಯಾಗಿ ಧಾನ್ಯ, ಹಣ ಕೊಡುವ ಏರ್ಪಾಡಾಯಿತು. ಅದು ಸಾಲದು, ಹೊತ್ತಿಗೆ ಬರುವುದಿಲ್ಲವೆಂಬ ದೂರುಗಳೂ ಬಂದವು. ಇನ್ನೊಂದು ಕಡೆ, ಯೋಜನೆಯ ಮುಖ್ಯಾಧಿಕಾರಿಯೇ ಹೊರದೇಶದ ಗುತ್ತಿಗೆದಾರರಿಂದ ಲಂಚ ಪಡೆದಿದ್ದನೆಂದು ಲೆಸೊಥೊದ ನ್ಯಾಯಾಲಯ 2002ರಲ್ಲಿ ತೀರ್ಪಿತ್ತು ಅವನನ್ನು ಜೈಲಿಗೆ ಕಳಿಸಿತು. ಲಂಚ ಕೊಟ್ಟ ವಿದೇಶಿ ಕಂಪನಿಯನ್ನೂ ಬಿಡಲಿಲ್ಲ. ಇಷ್ಟು ಬಡ ದೇಶ ಅಷ್ಟು ದೊಡ್ಡವರನ್ನು ಕಟಕಟೆಗೆ ಎಳೆದದ್ದು ಜಗತ್ತಿನ ಗಮನ ಸೆಳೆಯಿತು. ಸಣ್ಣ ದೇಶದ ಮಾನ ಎಂದರೆ ಇದೇ ಇರಬೇಕು. ಹೊರಗಿನ ಬಾಗಿಲು ತನ್ನ ಕೈಯಲ್ಲಿಲ್ಲದಿದ್ದರೂ ಒಳಗಿನ ನ್ಯಾಯ ತನ್ನ ಕೈಯಲ್ಲಿದೆಯಲ್ಲವೇ?

ಇದೆಲ್ಲ ದೂರದ ಕಥೆಯೆಂದು ನಾವು ನಿಶ್ಚಿಂತರಾಗುವಂತಿಲ್ಲ. ನಾವೂ ಬಾಗಿಲು ಹಿಡಿದ ದೇಶದವರೇ. 1989ರ ಮಾರ್ಚ್‌ನಲ್ಲಿ ನೇಪಾಳದೊಡನಿದ್ದ ವ್ಯಾಪಾರ ಹಾಗೂ ಸಾಗಣೆಯ ಒಪ್ಪಂದಗಳ ಅವಧಿ ಮುಗಿದಾಗ, ಭಾರತ ಎರಡನ್ನು ಬಿಟ್ಟು ಉಳಿದ ಗಡಿದ್ವಾರಗಳನ್ನು ಮುಚ್ಚಿತು. ಸ್ಥಿತಿ ಸುಧಾರಿಸಿದ್ದು ಮರುವರ್ಷ. 2015ರಲ್ಲಿ ಮತ್ತೆ ನೇಪಾಳಕ್ಕೆ ಎಣ್ಣೆ, ಔಷಧಿ ನಿಂತುಹೋದವು. ಗಡಿಯಲ್ಲಿ ನಡೆದ ಚಳವಳಿಯೇ ಕಾರಣವೆಂದು ನಮ್ಮ ಸರ್ಕಾರ, ದಿಗ್ಬಂಧನವೆಂದು ಅವರು ಹೇಳಿದರು. ಯಾರ ಮಾತು ಎಷ್ಟು ಸರಿಯೆಂಬುದು ಹಾಗಿರಲಿ. ಚಳಿಗಾಲದಲ್ಲಿ ಒಲೆಯ ಮುಂದೆ ಕುಳಿತ ನೇಪಾಳದ ಗೃಹಿಣಿಗೆ ಎರಡರ ವ್ಯತ್ಯಾಸ ಏನು? ಕಡಲಿಲ್ಲದ ದೇಶಗಳಿಗೆ ಕಡಲಿನವರೆಗೆ ದಾರಿ ಕೊಡುವುದು ದಯೆಯಲ್ಲ, ಅದು ಅವರ ಹಕ್ಕೆಂದು 1982ರ ಸಮುದ್ರ ಕಾನೂನಿನ ಒಡಂಬಡಿಕೆ ಹೇಳುತ್ತದೆ. ಭಾರತವೂ ಅದನ್ನು ಒಪ್ಪಿದೆ.

ಮಹಾನಗರಗಳಲ್ಲಿ ನೆಲೆಸಿದ ನಾವು ಇನ್ನೊಂದು ರೀತಿಯಲ್ಲಿಯೂ ಇದರಲ್ಲಿ ಭಾಗಿಗಳು. ಜೊಹಾನೆಸ್‌ಬರ್ಗಿನವನು ನಲ್ಲಿ ತಿರುಗಿಸಿದಾಗ ಲೆಸೊಥೊದ ಬೆಟ್ಟವನ್ನು ನೆನೆಯುವುದಿಲ್ಲ. ಮುಂಬಯಿಯವರು ಶಹಾಪುರದ ಕಡೆಯ ಜಲಾಶಯಗಳನ್ನು ನೆನೆಯುತ್ತೇವೆಯೇ? ಆ ತಾಲ್ಲೂಕಿನ ಹಳ್ಳಿಗಳಿಗೇ ಬೇಸಗೆಯಲ್ಲಿ ಟ್ಯಾಂಕರಿನಲ್ಲಿ ನೀರು ಹೋಗುತ್ತದೆ. ಚೆನ್ನೈಯ ದಾಹಕ್ಕಾಗಿ 1976ರಲ್ಲಿ ಮಹಾರಾಷ್ಟ್ರ, ಕರ್ನಾಟಕ, ಆಂಧ್ರಪ್ರದೇಶಗಳು ಕೃಷ್ಣಾ ನದಿಯಲ್ಲಿ ತಮ್ಮ ಪಾಲಿನಿಂದ ತಲಾ ಐದು ಟಿ.ಎಂ.ಸಿ. ಬಿಟ್ಟುಕೊಡಲು ಒಪ್ಪಿದ್ದವು. ಆ ನೀರನ್ನು ಕುಡಿಯುವ ಎಷ್ಟು ಮಂದಿಗೆ ಇದು ಗೊತ್ತು?

ನಮ್ಮ ತೀರ್ಮಾನ ಇಷ್ಟೇ. ಬೇರೆ ದಾರಿಯಿಲ್ಲದವನ ಒಪ್ಪಿಗೆಯೂ ಒಪ್ಪಿಗೆಯೇ. ಅದನ್ನು ಅಲ್ಲಗಳೆದರೆ ಅವನನ್ನು ಮನುಷ್ಯನೆಂದು ಲೆಕ್ಕಿಸದಂತಾಗುತ್ತದೆ. ಆದರೆ ಆ ಒಪ್ಪಿಗೆಯ ಕಾಗದವನ್ನು ತೋರಿಸಿ ಬಲವಿದ್ದವನು ಕೈತೊಳೆದುಕೊಳ್ಳುವಂತಿಲ್ಲ. ದರ ಸಮಂಜಸವೆಂದು ಬರೆದಿಡಬೇಕಾದವನು ಅವನೇ, ಕೇಳಿದವರಿಗೆ ಲೆಕ್ಕ ತೋರಿಸಬೇಕಾದವನೂ ಅವನೇ. ಮನೆ ಬಾಡಿಗೆಗೆ ಕೊಡುವಾಗ, ಮನೆಗೆಲಸದಾಕೆಗೆ ಸಂಬಳ ಗೊತ್ತುಮಾಡುವಾಗ ನಾವೂ ಬಾಗಿಲು ಹಿಡಿದವರ ಕಡೆಗೇ ನಿಂತಿರುತ್ತೇವೆ. ‘ಇಷ್ಟವಿದ್ದರೆ ಒಪ್ಪಿಕೊಳ್ಳಲಿ’ ಎಂದು ಹೇಳುವ ಮುನ್ನ, ಒಪ್ಪದಿದ್ದರೆ ಆಕೆ ಎಲ್ಲಿಗೆ ಹೋದಾಳು ಎಂದು ಒಮ್ಮೆ ಯೋಚಿಸುವುದು ಒಳ್ಳೆಯದು.